ನಿಂತ ಕಾರಲ್ಲಿ ಕರೆಂಟ್ ಕುಡಿಯುತ್ತಿರುವುದು ಯಾರು?

ಎರಡು ದಿನ ಕಾರು ತೆಗೆಯದಿದ್ದರೆ ಸಾಕು, ಸೆಲ್ಫ್ ಹೊಡೆದರೆ ಬರೀ ಕಟಕಟ ಸದ್ದು. ಮೆಕ್ಯಾನಿಕ್ ಬಂದು ಜಂಪ್ ಸ್ಟಾರ್ಟ್ ಮಾಡಿಕೊಟ್ಟು, 'ಬ್ಯಾಟರಿ ಹೋಗಿದೆ ಸರ್, ಹೊಸದು ಹಾಕಿಸಿ' ಅಂದರು. ಹಾಕಿಸಿ ಇನ್ನೂ ವರ್ಷ ಆಗಿಲ್ಲ! ಇಂಜಿನ್ ಓಡುವಾಗ 14.2 ವೋಲ್ಟ್ ಬರುತ್ತಿದೆ, ಚಾರ್ಜಿಂಗ್ ಸರಿಯಾಗಿಯೇ ಇದೆ. ಅಂದರೆ ಕಾರು ನಿಂತಾಗ ಏನೋ ಕರೆಂಟ್ ಎಳೆಯುತ್ತಿದೆ. ಅದನ್ನು ಹಿಡಿಯದೆ ಹೊಸ ಬ್ಯಾಟರಿ ಹಾಕಿಸಿದರೆ ಅದಕ್ಕೂ ಇದೇ ಗತಿ ಅಲ್ವಾ?

ಬಾನೆಟ್ ತೆಗೆದಿದ್ದೇನೆ. 10 ನಂಬರ್ ಸ್ಪ್ಯಾನರ್‌ನಿಂದ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರ್ ಸೇರಿಸುತ್ತಿದ್ದೇನೆ. ಕೆಂಪು ವೈರು 10 ಆಂಪಿಯರ್ ತೂತಲ್ಲೇ ಇರಬೇಕು. ಮೀಟರ್ ಹೀಗಿರುವಾಗ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಢಮಾರ್.

ಈಗ 3 ಆಂಪಿಯರ್ ತೋರಿಸುತ್ತಿದೆ. ಗಾಬರಿ ಬೇಡ, ಕಾರು ಇನ್ನೂ ಎಚ್ಚರವಾಗಿದೆ, ಅದರ ಎಲೆಕ್ಟ್ರಾನಿಕ್ಸ್ ಮಲಗಿಲ್ಲ. ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿಟ್ಟರೆ ಬಾಗಿಲು ಮುಚ್ಚಿದೆ ಅಂತ ಕಾರು ನಂಬುತ್ತದೆ. ರಿಮೋಟ್ ಕೀ ಮನೆಯೊಳಗೆ. ಇನ್ನು ಅರ್ಧ ಗಂಟೆ ಸುಮ್ನೆ ಕಾಯಬೇಕು. ಜಾಸ್ತಿ ಜನಕ್ಕೆ ಈ ತಾಳ್ಮೆಯೇ ಇರಲ್ಲ.

ಕಾದಾಯ್ತು. 0.45ಕ್ಕೆ ಬಂದು ನಿಂತಿದೆ, ಇಳಿಯುತ್ತಲೇ ಇಲ್ಲ. ಸಾಮಾನ್ಯವಾಗಿ 0.05ರ ಒಳಗಿರಬೇಕು. ಈ ಲೆಕ್ಕದಲ್ಲಿ ದಿನಕ್ಕೆ ಹತ್ತು ಆಂಪಿಯರ್ ಅವರ್‌ಗಿಂತ ಜಾಸ್ತಿ ಖಾಲಿ. ನನ್ನದು 35ರ ಬ್ಯಾಟರಿ. ಇನ್ನೆಲ್ಲಿಂದ ಸ್ಟಾರ್ಟ್ ಆಗುತ್ತದೆ ಪಾಪ?

ಈಗ ಫ್ಯೂಸ್ ಬಾಕ್ಸ್. ಒಂದೊಂದೇ ಫ್ಯೂಸ್ ಕಿತ್ತು ನೋಡುವವರಿದ್ದಾರೆ, ಆದರೆ ವಾಪಸ್ ಹಾಕಿದಾಗ ಮಲಗಿದ್ದ ಕಾರು ಮತ್ತೆ ಎದ್ದು ಕೂರುತ್ತದೆ. ಫ್ಯೂಸಿನ ತಲೆ ಮೇಲೆ ಎರಡು ಪುಟ್ಟ ಲೋಹದ ಚುಕ್ಕಿ ಕಾಣುತ್ತಾ? ಇನ್ನೊಂದು ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಅಲ್ಲಿ ಮುಟ್ಟಿಸಿ. ಕರೆಂಟ್ ಹರಿಯುತ್ತಿದ್ದರೆ ಚೂರಾದರೂ ವೋಲ್ಟೇಜ್ ತೋರಿಸುತ್ತದೆ. ನನಗೆ ಎಲ್ಲಾ ಕಡೆ ಸೊನ್ನೆ, ಇಲ್ಲಾ ಅದರ ಹತ್ತಿರ.

ಹಾಗಾದರೆ ಫ್ಯೂಸ್ ಬಾಕ್ಸ್ ದಾಟದೆ, ಬ್ಯಾಟರಿಯಿಂದ ನೇರವಾಗಿ ಹೋಗಿರುವ ವೈರು ಯಾವುದು? ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು ಒಂದು. ಕರೆಂಟ್ ವಾಪಸ್ ಹರಿಯದಂತೆ ತಡೆಯುವ ಅದರ ಡಯೋಡ್ ಕೆಟ್ಟರೂ ಹೀಗೇ ಆಗುತ್ತದೆ. ಇನ್ನೊಂದು, ಈ ದಪ್ಪ ಕೆಂಪು ಕೇಬಲ್. ಆಕ್ಸೆಸರಿ ಅಂಗಡಿಯವರು ಆಂಪ್ಲಿಫೈಯರಿಗೆ ಎಳೆದದ್ದು.

ಸೀಟಿನ ಕೆಳಗೆ ಕೈ ಹಾಕಿದೆ. ಆಂಪ್ಲಿಫೈಯರ್ ಬೆಚ್ಚಗಿದೆ! ಕಾರ್ಪೆಟ್ ಕಡೆ ತಿರುಗಿರುವ ನೀಲಿ ದೀಪ ಕೂಡ ಆರಿಲ್ಲ. ಸ್ಟೀರಿಯೋ ಆನ್ ಆದಾಗ ಮಾತ್ರ ಇದನ್ನು ಎಬ್ಬಿಸಬೇಕಾದ ರಿಮೋಟ್ ವೈರನ್ನು, ಸದಾ 12 ವೋಲ್ಟ್ ಇರುವ ಹಳದಿ ವೈರಿಗೆ ತಿರುಚಿ ಟೇಪ್ ಸುತ್ತಿದ್ದಾರೆ. ಟೇಪ್ ಮಾತ್ರ ಅಚ್ಚುಕಟ್ಟಾಗಿದೆ.

ಬಿಚ್ಚಿ ಸ್ಟೀರಿಯೋದ ನೀಲಿ-ಬಿಳಿ ವೈರಿಗೆ ಸೇರಿಸಿದೆ. ಮತ್ತೆ ಅರ್ಧ ಗಂಟೆ. 0.02.

ಇವತ್ತು ರಾತ್ರಿ ಪೂರ್ತಿ ಚಾರ್ಜರ್‌ಗೆ ಹಾಕುತ್ತೇನೆ, ಟ್ರಾಫಿಕ್‌ನಲ್ಲಿ ಓಡಿಸಿದರೆ ಇಷ್ಟು ಖಾಲಿಯಾದ ಬ್ಯಾಟರಿ ತುಂಬಲ್ಲ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟ ಮೇಲೆ 12.6 ವೋಲ್ಟ್ ಆಸುಪಾಸು ನಿಂತರೆ ಬ್ಯಾಟರಿ ಬಚಾವ್. ಪದೇ ಪದೇ ಪೂರ್ತಿ ಖಾಲಿಯಾಗಿದೆ, ಒಳಗಿನ ಪ್ಲೇಟು ಸ್ವಲ್ಪ ಪೆಟ್ಟು ತಿಂದಿರಲೂಬಹುದು. ಸದ್ಯಕ್ಕೆ ಗಡಿಯಾರ ಸರಿಮಾಡಬೇಕು, ರೇಡಿಯೋ ಸ್ಟೇಷನ್‌ಗಳೆಲ್ಲ ಅಳಿಸಿ ಹೋಗಿವೆ.