ರಂಜಾನ್‌ನಲ್ಲಿ ನೌಕೆ ಏರಿದವರು

ಕೇಳುಗರೇ, ನಮಸ್ಕಾರ.

ಉಪವಾಸ ಮಾಡಿದವರಿಗೆ ಗೊತ್ತು, ಸಂಜೆ ಸೂರ್ಯ ಮುಳುಗುವುದು ಎಷ್ಟು ನಿಧಾನ ಅಂತ. ಅದೇ ಸೂರ್ಯ ದಿನಕ್ಕೆ ಹದಿನಾರು ಸಲ ಮುಳುಗಿದರೆ ಯಾವಾಗ ಉಪವಾಸ ಬಿಡಬೇಕು? 1985ರ ಜೂನ್, ರಂಜಾನ್ ತಿಂಗಳ ಕೊನೆಯ ದಿನಗಳು. ಸೌದಿ ಅರೇಬಿಯಾದ ಸುಲ್ತಾನ್ ಬಿನ್ ಸಲ್ಮಾನ್ ಅವರಿಗೆ ಈ ಪ್ರಶ್ನೆ ನಿಜಕ್ಕೂ ಎದುರಾಯಿತು. ಅವರಿದ್ದ ಬಾಹ್ಯಾಕಾಶ ನೌಕೆ ಭೂಮಿಯನ್ನು ಒಂದು ಸುತ್ತು ಹಾಕಲು ಒಂದೂವರೆ ಗಂಟೆ ಸಾಕು. ಕೊನೆಗೆ ಹೊರಟ ಊರಿನ ಹೊತ್ತನ್ನೇ ಹಿಡಿಯುವುದು ಅಂತಾಯಿತು. ಮೇಲೆ ಎಷ್ಟು ಸಲ ಕತ್ತಲಾದರೂ ಲೆಕ್ಕ ಮಾತ್ರ ಫ್ಲಾರಿಡಾದ್ದು!

ಜೂನ್ 17ರ ಬೆಳಿಗ್ಗೆ ಡಿಸ್ಕವರಿ ಶಟಲ್ ಹೊರಟಿತು. ಒಳಗೆ ಏಳು ಜನ. 28 ವರ್ಷದ ಸುಲ್ತಾನ್, ಬಾಹ್ಯಾಕಾಶಕ್ಕೆ ಹೋದ ಮೊದಲ ಅರಬ್. ರಾಜಮನೆತನದ ಹುಡುಗ, ಸೀಟು ಸಿಕ್ಕಿತು ಬಿಡಿ ಅನಿಸುತ್ತೆ, ಅಲ್ವಾ? ಮನೆತನದ ಬಲ ಇರಲಿಲ್ಲ ಅಂತ ನಾನೂ ಹೇಳಲಾರೆ. ಆದರೆ ಅವರಿಗೆ ವಿಮಾನ ಹಾರಿಸಲು ಬರುತ್ತಿತ್ತು. ಜೊತೆಗೆ, ಉಪಗ್ರಹ ಕೊಟ್ಟವರ ಕಡೆಯ ಒಬ್ಬರನ್ನೂ ಕರೆದೊಯ್ಯುವ ರೂಢಿ ನಾಸಾದಲ್ಲಿ ಆಗ ಇತ್ತು. ಆ ಸಲ ನೌಕೆಯಲ್ಲಿ ಅರಬ್ ದೇಶಗಳ ಅರಬ್‌ಸ್ಯಾಟ್-1ಬಿ ಇತ್ತು.

ಇದೇ ದಾರಿಯಲ್ಲಿ ನಮ್ಮವರೂ ಹೋಗಬೇಕಿತ್ತು. ಇನ್ಸಾಟ್-1ಸಿ ಜೊತೆ ಹಾರಲು ಇಸ್ರೋದ ಎನ್.ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಆಯ್ಕೆಯಾಗಿದ್ದರು. 1986ರ ಜನವರಿಯಲ್ಲಿ ನಾಸಾದ ಇನ್ನೊಂದು ಶಟಲ್ ಚಾಲೆಂಜರ್ ಸಿಡಿಯಿತು. ಆ ಪಯಣ ಅಲ್ಲಿಗೇ ನಿಂತಿತು.

ಸುಲ್ತಾನ್ ಏಳು ದಿನ ಸುತ್ತಿ ಕ್ಷೇಮವಾಗಿ ಇಳಿದರು. ಆಮೇಲೆ ಸೌದಿ ವಾಯುಪಡೆಯಲ್ಲಿ ಕರ್ನಲ್ ಆದರು. ಅಂಗವಿಕಲ ಮಕ್ಕಳಿಗಾಗಿ ದುಡಿಯುವ ಸಂಘವನ್ನು ಬಹಳ ಕಾಲ ಮುನ್ನಡೆಸಿದರು. ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಬೇರೆ ಕೆಲಸ. 2000ದಿಂದ 2018ರ ತನಕ ಅವರು ದೇಶದ ಪ್ರವಾಸೋದ್ಯಮ ಮತ್ತು ಪರಂಪರೆಯ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದರು. ಆಕಾಶಕ್ಕೆ ಹೋಗಿ ಬಂದವರು ಮಣ್ಣಿನ ಗೋಡೆ ಉಳಿಸಲು ನಿಂತರು! ಮರಳುಗಲ್ಲಿನ ಬಂಡೆಯನ್ನೇ ಕೊರೆದು ಮಾಡಿದ ನಬಾತಿಯನ್ನರೆಂಬ ಪ್ರಾಚೀನ ಅರಬ್ ಜನರ ಸಮಾಧಿಗಳಿರುವ ಅಲ್ ಹಿಜ್ರ್ 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಸೌದಿಗೆ ಅದೇ ಮೊದಲು. ಎರಡು ವರ್ಷಕ್ಕೆ ದಿರಿಯಾದ ತುರೈಫ್ ಸೇರಿತು. ಬಿಸಿಲಲ್ಲಿ ಒಣಗಿಸಿದ ಮಣ್ಣಿಟ್ಟಿಗೆಯ ಹಳೇ ರಾಜಧಾನಿ ಅದು. ಸೌದ್ ಮನೆತನದ ಮೂಲ ನೆಲೆಯೂ ಹೌದು.

2018ರ ಕೊನೆಯಲ್ಲಿ ಮತ್ತೆ ಆಕಾಶದ ಕೆಲಸ ಬಂತು. ಹೊಸದಾಗಿ ಶುರುವಾದ ಸೌದಿ ಬಾಹ್ಯಾಕಾಶ ಆಯೋಗಕ್ಕೆ ಅವರೇ ಅಧ್ಯಕ್ಷರಾದರು, 2021ರವರೆಗೆ. ಅವರ ನಂತರ ಇನ್ನೊಬ್ಬ ಸೌದಿ ಪ್ರಜೆ ಮೇಲೆ ಹೋಗಲು 38 ವರ್ಷ ಬೇಕಾಯಿತು. 2023ರ ಮೇ ತಿಂಗಳಲ್ಲಿ ಹೋದವರು ಇಬ್ಬರು, ಅಲಿ ಅಲ್ ಕರ್ನಿ ಮತ್ತು ರಯ್ಯಾನಾ ಬರ್ನಾವಿ. ರಯ್ಯಾನಾ, ಬಾಹ್ಯಾಕಾಶ ಕಂಡ ಮೊದಲ ಸೌದಿ ಮಹಿಳೆ.

ನಮಸ್ಕಾರ.