ಪಾಸ್‌ವರ್ಡ್ ಪೆಟ್ಟಿಗೆಯ ಕೀಲಿ ಯಾರ ವಶದಲ್ಲಿದೆ?

ಮಾನ್ಯರೇ,

ಪಾಸ್‌ವರ್ಡ್‌ಗಳನ್ನು ಬ್ರೌಸರಿನಲ್ಲೇ ಉಳಿಸಿಡಬಹುದೇ, ಅಥವಾ ಅದಕ್ಕೆಂದೇ ಇರುವ ಪಾಸ್‌ವರ್ಡ್ ಮ್ಯಾನೇಜರ್ ಬೇಕೇ ಎಂದು ಕೇಳುವವರು ಬಹುಮಟ್ಟಿಗೆ ಗೂಢಲಿಪಿಯ ಬಲವನ್ನೇ ಹೋಲಿಸಲು ಹೊರಡುತ್ತಾರೆ. ಆ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಲಿಪಿಯನ್ನು ಬಿಡಿಸುವ ಕೀಲಿ ಎಲ್ಲಿದೆ, ಯಾರು ಕೇಳಿದರೆ ಸಿಗುತ್ತದೆ ಎಂಬಲ್ಲಿ ವ್ಯತ್ಯಾಸವಿದೆ.

ವಿಂಡೋಸ್‌ನಲ್ಲಿ ಕ್ರೋಮ್ ಪಾಸ್‌ವರ್ಡ್‌ಗಳನ್ನು ಎಇಎಸ್ ಎಂಬ ಪ್ರಮಾಣಿತ ಗೂಢಲಿಪಿ ವಿಧಾನದ 256 ಬಿಟ್‌ಗಳ ಕೀಲಿಯಿಂದ ಭದ್ರಪಡಿಸಿ, ಆ ಕೀಲಿಯನ್ನು ಕಾಯುವ ಹೊಣೆಯನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ಹಾರ್ಡ್ ಡಿಸ್ಕನ್ನು ಬಿಚ್ಚಿ ಒಯ್ದವನಿಗೆ ಇದರಿಂದ ಸುಲಭವಾಗಿ ಏನೂ ದಕ್ಕದು. ಆದರೆ ನೀವು ಲಾಗಿನ್ ಆಗಿರುವಾಗ ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಂ ಕೇಳಿದರೂ ವಿಂಡೋಸ್ ಅದನ್ನು ಬಿಡಿಸಿ ಕೊಡುತ್ತಿತ್ತು. ರೆಡ್‌ಲೈನ್, ರಕೂನ್‌ನಂಥ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶಗಳು ಹಬ್ಬಿದ್ದು ಈ ಔದಾರ್ಯದ ಬಲದಿಂದಲೇ. 2024ರಲ್ಲಿ, 127ನೇ ಆವೃತ್ತಿಯಿಂದ, ಕೇಳುತ್ತಿರುವುದು ಕ್ರೋಮ್ ಹೌದೋ ಅಲ್ಲವೋ ಎಂದು ಪರಿಶೀಲಿಸುವ ವ್ಯವಸ್ಥೆಯನ್ನು ಮೊದಲು ಕುಕಿಗಳಿಗಾಗಿ (ನೀವು ಲಾಗಿನ್ ಆಗಿರುವುದನ್ನು ಜಾಲತಾಣಗಳು ನೆನಪಿಡಲು ಬಳಸುವ ಗುರುತುಗಳಿಗಾಗಿ) ಗೂಗಲ್ ತಂದಿತು. ಕೆಲವೇ ತಿಂಗಳಲ್ಲಿ ಕಳ್ಳರು ಅದನ್ನೂ ದಾಟಿದರು. ಫೈರ್‌ಫಾಕ್ಸ್‌ನಲ್ಲಿ, ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆಲ್ಲ ಒಂದೇ ಬೀಗ ಹಾಕುವ ಪ್ರೈಮರಿ ಪಾಸ್‌ವರ್ಡ್ ಎಂಬ ಸೌಲಭ್ಯವಿದೆ. ತಾನಾಗಿ ಚಾಲೂ ಆಗದ ಕಾರಣ ಅದನ್ನು ಬಳಸುವವರು ವಿರಳವೆಂದೇ ನನ್ನ ಅನಿಸಿಕೆ.

ಪ್ರತ್ಯೇಕ ಮ್ಯಾನೇಜರ್‌ಗಳಲ್ಲಿ ಕೀಲಿ ಹುಟ್ಟುವುದು ಇಡೀ ಪೆಟ್ಟಿಗೆಯನ್ನು ತೆರೆಯುವ ನಿಮ್ಮ ಮಾಸ್ಟರ್ ಪಾಸ್‌ವರ್ಡಿನಿಂದ. ಆರ್ಗಾನ್2 ಅಥವಾ ಪಿಬಿಕೆಡಿಎಫ್2 ಎಂಬ ವಿಧಾನವು ಆ ಪಾಸ್‌ವರ್ಡನ್ನು ಬೇಕೆಂದೇ ನಿಧಾನವಾಗಿ ಅರೆಯುವುದರಿಂದ, ಪೆಟ್ಟಿಗೆಯನ್ನು ಕದ್ದವನು ಪ್ರತಿಯೊಂದು ಊಹೆಗೂ ಬೆಲೆ ತೆರಬೇಕಾಗುತ್ತದೆ. ಕೆಲಸ ಮುಗಿದೊಡನೆ ಪೆಟ್ಟಿಗೆಯನ್ನು ಮುಚ್ಚುವಂತೆ ನೀವು ಹೊಂದಿಸಬಹುದು. ಆದರೂ, ಅದು ತೆರೆದಿರುವಾಗ ಒಳಗೆ ಕುತಂತ್ರಾಂಶ ಕುಳಿತಿದ್ದರೆ ಯಾವ ಮ್ಯಾನೇಜರ್ ಕೂಡ ಕಾಪಾಡಲಾರದು ಎಂಬುದನ್ನು ಮಾರಾಟಗಾರರು ಗಟ್ಟಿಯಾಗಿ ಹೇಳುವುದಿಲ್ಲ.

2022ರಲ್ಲಿ ಇಂಥ ಮ್ಯಾನೇಜರ್ ಒದಗಿಸುವ ಲಾಸ್ಟ್‌ಪಾಸ್ ಸಂಸ್ಥೆಯಿಂದ ಗ್ರಾಹಕರ ಪೆಟ್ಟಿಗೆಗಳ ಬ್ಯಾಕಪ್ ಪ್ರತಿಗಳೇ ಕಳುವಾದವು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಜಾಲತಾಣಗಳ ವಿಳಾಸಗಳು ಗೂಢಲಿಪಿಯಲ್ಲಿರಲಿಲ್ಲ. ಹೀಗಾಗಿ ಯಾರ ಪೆಟ್ಟಿಗೆಯನ್ನು ಒಡೆಯುವುದು ಲಾಭಕರವೆಂದು ಕಳ್ಳರಿಗೆ ಮೊದಲೇ ತಿಳಿಯುವಂತಿತ್ತು. ಮಾಸ್ಟರ್ ಪಾಸ್‌ವರ್ಡನ್ನು ಪಿಬಿಕೆಡಿಎಫ್2 ಎಷ್ಟು ಸಲ ಅರೆಯುತ್ತದೋ ಅಷ್ಟು ಆವರ್ತನೆಗಳು; ಆಗ ಅಲ್ಲಿ ಸಾಮಾನ್ಯವಾಗಿದ್ದದ್ದು 1,00,100, ಕೆಲವು ಹಳೆಯ ಖಾತೆಗಳಲ್ಲಿ 5,000 ಮಾತ್ರ. ಇಂದು ತಂತ್ರಾಂಶ ಸುರಕ್ಷತೆಯ ಮಾರ್ಗಸೂಚಿ ನೀಡುವ ಒವಾಸ್ಪ್ ಸಂಸ್ಥೆ ಸೂಚಿಸುವುದು 6,00,000. ಎಲ್ಲರ ಗುಟ್ಟೂ ಒಂದೆಡೆ ಸೇರಿದ ಜಾಗದ ಮೇಲೆ ಕಳ್ಳರ ಕಣ್ಣು ಬೀಳುವುದು ಸಹಜ. ಈ ಭಯವಿದ್ದವರು ಕೀಪಾಸ್‌ನಂತೆ ತಮ್ಮ ಯಂತ್ರದಲ್ಲೇ ಕಡತ ಇಡುವ ತಂತ್ರಾಂಶವನ್ನು ಆರಿಸಬಹುದು. ಆಗ ಬ್ಯಾಕಪ್‌ನ ಹೊಣೆಯೂ ಅವರದೇ.

ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಬಳಸುವವರಿಗೆ ಬ್ರೌಸರಿನ ಸೌಲಭ್ಯವೂ ದೊಡ್ಡ ಮುನ್ನಡೆಯೇ, ಏಕೆಂದರೆ ಅದು ಬೇರೆ ಬೇರೆ ಪಾಸ್‌ವರ್ಡ್‌ಗಳನ್ನು ಸೃಷ್ಟಿಸಿಕೊಡುತ್ತದೆ ಮತ್ತು ನಕಲಿ ವಿಳಾಸದಲ್ಲಿ ತಾನಾಗಿ ತುಂಬುವುದಿಲ್ಲ. ಬ್ಯಾಂಕ್ ಖಾತೆ ಅಥವಾ ಇತರರ ದತ್ತಾಂಶ ಕೈಯಲ್ಲಿರುವವರು ಮಾತ್ರ ಪ್ರತ್ಯೇಕ ಮ್ಯಾನೇಜರ್‌ಗೆ ಬದಲಾಗುವುದು ಲೇಸು. ಹಾಗೆ ಬದಲಾಗುವಾಗ ಬ್ರೌಸರ್ ರಫ್ತು ಮಾಡಿಕೊಡುವ, ಪಾಸ್‌ವರ್ಡ್‌ಗಳ ಸರಳ ಪಟ್ಟಿಯಾದ ಸಿಎಸ್‌ವಿ ಕಡತಕ್ಕೆ ಯಾವ ಗೂಢಲಿಪಿಯೂ ಇರುವುದಿಲ್ಲ. ಆಮದು ಮುಗಿದೊಡನೆ ಅದನ್ನೂ, ಬ್ರೌಸರಿನಲ್ಲಿ ಉಳಿದ ಹಳೆಯ ಪ್ರತಿಗಳನ್ನೂ ಅಳಿಸಬೇಕು.