ಕೈಯಿಂದ ದುಡ್ಡು ಹಾಕದೆ ಮನೆ ವ್ಯಾಪಾರ: ಹೋಲ್‌ಸೇಲಿಂಗ್ ಮುಂಬೈಯಲ್ಲಿ ನಡೆಯುತ್ತಾ?

[ದೃಶ್ಯ: ಮಾಟುಂಗಾ ಸ್ಟೇಷನ್ ಹೊರಗಿನ ರಸ್ತೆ, ಬೆಳಗಿನ ಹೊತ್ತು]

ನಮಸ್ಕಾರ. ಡೊಂಬಿವಲಿಯ ನಮ್ಮ ಪರಿಚಯದ ಹುಡುಗನೊಬ್ಬ ಹೋದ ತಿಂಗಳು ಫೋನ್ ಮಾಡಿದ್ದ. ಊರು ಕುಂದಾಪುರದ ಕಡೆ, ಕೆಲಸ ಅಂಧೇರಿಯಲ್ಲಿ. "ಅಣ್ಣಾ, ಅಮೆರಿಕದವರ ವಿಡಿಯೋ ನೋಡಿದೆ. ಕೈಯಿಂದ ದುಡ್ಡು ಹಾಕದೆ ಮನೆ ವ್ಯಾಪಾರ ಮಾಡಬಹುದಂತೆ. ಹೋಲ್‌ಸೇಲಿಂಗ್ ಅಂತೆ. ಮುಲುಂಡಿನಲ್ಲಿ ಒಂದು ಫ್ಲಾಟ್ ನೋಡಿಟ್ಟಿದ್ದೇನೆ. ನಾಳೆ ಮೂರು ಲಕ್ಷ ಟೋಕನ್ ಕೊಡಲಾ?" ಅಂತ ಕೇಳಿದ. ಟೋಕನ್ ಅಂದರೆ ಮಾತು ಗಟ್ಟಿ ಮಾಡಲು ಕೊಡುವ ಮುಂಗಡ. ಆ ಮೂರು ಲಕ್ಷ ಅವನ ನಾಲ್ಕು ವರ್ಷದ ಉಳಿತಾಯ.

"ಒಂದು ವಾರ ತಡಿ ಮಾರಾಯ" ಅಂದೆ. ಆ ವಾರ ಅವನಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ.

[ತೆರೆಯ ಮೇಲೆ: ಮೂರು ಚೌಕ. ಮಾರುವವರು, ನಡುವಿನವರು, ಕೊಳ್ಳುವವರು]

ಮೊದಲು ಅಮೆರಿಕದಲ್ಲಿ ಇದು ನಡೆಯುವ ರೀತಿ ನೋಡೋಣ. ಒಂದು ಹಳೆಯ ಮನೆ. ಮಾಡು ಸೋರುತ್ತಿದೆ, ಓನರ್‌ಗೆ ಬೇಗ ಮಾರಬೇಕಾಗಿದೆ. ಹೋಲ್‌ಸೇಲರ್ ಹೋಗಿ ಕಡಿಮೆ ಬೆಲೆಗೆ ಮಾತು ಮುಗಿಸುತ್ತಾನೆ. ಖರೀದಿ ಕರಾರಿಗೆ ಸಹಿ ಆಗುತ್ತದೆ, ಸ್ವಲ್ಪ ಮುಂಗಡ ಕೊಡುತ್ತಾನೆ. ಆಮೇಲೆ ಆ ಕರಾರನ್ನೇ, ಅಂದರೆ ಆ ಮನೆ ಕೊಳ್ಳುವ ಹಕ್ಕನ್ನೇ, ಕೈಯಲ್ಲಿ ದುಡ್ಡಿರುವ ಇನ್ನೊಬ್ಬರಿಗೆ ವರ್ಗಾಯಿಸುತ್ತಾನೆ. ಅದಕ್ಕೊಂದು ಫೀ ತೆಗೆದುಕೊಳ್ಳುತ್ತಾನೆ. ಮನೆ ಅವನ ಹೆಸರಿಗೆ ಬರುವುದೇ ಇಲ್ಲ.

ಬೆಲೆ ಕಟ್ಟೋಕೆ ಅಲ್ಲಿ 70 ಪರ್ಸೆಂಟ್ ಲೆಕ್ಕ ಅಂತ ಒಂದಿದೆ. ರಿಪೇರಿ ಆದ ಮೇಲೆ ಮನೆ 2 ಲಕ್ಷ ಡಾಲರ್‌ಗೆ ಹೋಗುತ್ತದೆ ಅಂದುಕೊಳ್ಳಿ. ಅದರ 70 ಪರ್ಸೆಂಟ್ 1 ಲಕ್ಷ 40 ಸಾವಿರ. ರಿಪೇರಿ ಖರ್ಚು 30 ಸಾವಿರ ಕಳೆಯಿರಿ. 1 ಲಕ್ಷ 10 ಸಾವಿರ ಉಳಿಯಿತು. ರಿಪೇರಿ ಮಾಡಿ ಮಾರುವ ಆ ಕೊನೆಯ ಖರೀದಿದಾರ ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ. ಹೋಲ್‌ಸೇಲರ್‌ಗೆ 10 ಸಾವಿರ ಬೇಕಾದರೆ, ಓನರ್ ಹತ್ತಿರ 1 ಲಕ್ಷಕ್ಕೆ ಒಪ್ಪಿಸಬೇಕು. ಉಳಿದ 30 ಪರ್ಸೆಂಟ್ ಸುಮ್ನೆ ಬಿಟ್ಟದ್ದಲ್ಲ. ಸಾಲದ ಬಡ್ಡಿ, ಮಾರುವಾಗಿನ ಕಮಿಷನ್, ತೆರಿಗೆ, ಲಾಭ ಎಲ್ಲ ಅದರಲ್ಲೇ ಬರಬೇಕು.

ಅಲ್ಲೂ ಈಗ ಬಿಗಿ ಆಗುತ್ತಿದೆ. ಇಲಿನಾಯ್ ರಾಜ್ಯದಲ್ಲಿ 2019ರಲ್ಲೇ ಕಾನೂನು ಬದಲಾಯಿತು. 12 ತಿಂಗಳಲ್ಲಿ ಇಂಥ ವ್ಯವಹಾರ ಒಂದಕ್ಕಿಂತ ಜಾಸ್ತಿ ಮಾಡಿದರೆ ಅಲ್ಲಿ ಲೈಸೆನ್ಸ್ ಬೇಕು.

[ದೃಶ್ಯ: ಮುಲುಂಡಿನ ಹಳೆಯ ಸೊಸೈಟಿಯ ಗೇಟು]

ಈಗ ನಮ್ಮ ಮುಂಬೈಗೆ ಬನ್ನಿ. ಇಲ್ಲಿ ಮನೆಯ ಬೆಲೆಯೆಲ್ಲ ಜಾಗದಲ್ಲಿದೆ. ಗೋಡೆಗೆ ಬಣ್ಣ ಹೋಗಿದೆ, ಬಾತ್‌ರೂಮ್ ಸೋರುತ್ತದೆ ಅಂತ ಯಾರೂ 30 ಪರ್ಸೆಂಟ್ ಬಿಡುವುದಿಲ್ಲ. ಪಕ್ಕದ ಬಿಲ್ಡಿಂಗ್ ಏನು ರೇಟಿಗೆ ಹೋಯಿತು ಅಂತ ಕೆಳಗಿನ ವಾಚ್‌ಮನ್‌ಗೂ ಗೊತ್ತಿರುತ್ತದೆ.

ಎರಡನೆಯದು ಸ್ಟ್ಯಾಂಪ್ ಡ್ಯೂಟಿ. ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಮಹಾರಾಷ್ಟ್ರದಲ್ಲಿ ಫ್ಲಾಟಿನ ಅಗ್ರಿಮೆಂಟ್ ಫಾರ್ ಸೇಲ್, ಅಂದರೆ ಮಾರಾಟದ ಕರಾರು, ರಿಜಿಸ್ಟರ್ ಮಾಡಿಸುವಾಗಲೇ ಸಾಮಾನ್ಯವಾಗಿ ಪೂರ್ತಿ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕಾಗುತ್ತದೆ. ಮುಂಬೈಯಲ್ಲಿ ಮೆಟ್ರೋ ಸೆಸ್ ಸೇರಿ 6 ಪರ್ಸೆಂಟ್. ಹೆಂಗಸರ ಹೆಸರಿಗಾದರೆ ಒಂದು ಪರ್ಸೆಂಟ್ ಕಡಿಮೆ. 80 ಲಕ್ಷದ ಫ್ಲಾಟಿಗೆ 4 ಲಕ್ಷ 80 ಸಾವಿರ, ಮೇಲೆ ರಿಜಿಸ್ಟ್ರೇಷನ್ 30 ಸಾವಿರ. ನೀವು ನಿಮ್ಮ ಹೆಸರಿಗೆ ಅಗ್ರಿಮೆಂಟ್ ಮಾಡಿಸಿ ಇನ್ನೊಬ್ಬರಿಗೆ ಮಾರಿದರೆ, ಅವರೂ ಮತ್ತೆ ಕಟ್ಟಬೇಕು. ಎರಡೂ ಸಲದ್ದು ಸೇರಿದರೆ ಹತ್ತು ಲಕ್ಷ ದಾಟುತ್ತದೆ. ನಡುವೆ ನಿಂತವನಿಗೆ ಉಳಿಯುವುದೇನು?

ಹಾಗಾದರೆ ರಿಜಿಸ್ಟರ್ ಮಾಡಿಸದೆ, ಬರೀ ಟೋಕನ್ ಚೀಟಿ ಇಟ್ಟುಕೊಂಡು ಮಾಡೋಣ ಅನ್ನುವವರಿದ್ದಾರೆ. ಆ ಹುಡುಗನ ಯೋಚನೆಯೂ ಅದೇ ಆಗಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಮಾರುತ್ತೇನೆ ಅನ್ನುವ ಕರಾರಿನಿಂದ ಮಾತ್ರಕ್ಕೆ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಪವರ್ ಆಫ್ ಅಟಾರ್ನಿ ಬರೆಸಿಕೊಂಡು ಮನೆ ಕೈ ಬದಲಾಯಿಸುವ ರೂಢಿಯೂ ಒಂದಿತ್ತು. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿದೆ. ಇನ್ನು ನಗದು. ಮನೆ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಟೋಕನ್ ಆದರೂ ಚೆಕ್‌ನಲ್ಲೋ ಬ್ಯಾಂಕ್ ಮೂಲಕವೋ ಕೊಡಿ.

[ದೃಶ್ಯ: ಮೇಜಿನ ಮೇಲೆ ಕಾಗದಪತ್ರ. ಕ್ಯಾಮೆರಾ ಹತ್ತಿರ ಬರುತ್ತದೆ]

ನನ್ನದೇ ಒಂದು ವಿಷಯ ಹೇಳುತ್ತೇನೆ. ಶುರುವಿನಲ್ಲಿ ನಾನು 50 ಸಾವಿರ ಟೋಕನ್ ಕಳೆದುಕೊಂಡಿದ್ದೇನೆ. ಮನೆ ಚೆನ್ನಾಗಿತ್ತು, ಮಾರುವವರೂ ಒಳ್ಳೆಯ ಮನುಷ್ಯರ ಹಾಗೆ ಕಂಡರು. ಆದರೆ ಶೇರ್ ಸರ್ಟಿಫಿಕೇಟ್, ಅಂದರೆ ಫ್ಲಾಟಿನ ಸದಸ್ಯರಿಗೆ ಸೊಸೈಟಿ ಕೊಡುವ ಪತ್ರ, ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ನನ್ನ ಹತ್ತಿರ ಮಾತಾಡಿದ ಮಗ ನಾಮಿನಿ ಅಷ್ಟೇ. ಇಬ್ಬರು ಅಕ್ಕಂದಿರು ಸಹಿ ಹಾಕಲು ಒಪ್ಪಲಿಲ್ಲ. ನಾಮಿನಿ ಅಂದರೆ ಮಾಲೀಕ ಅಲ್ಲ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ. ನನ್ನ ದುಡ್ಡು ವಾಪಸ್ ಬರಲಿಲ್ಲ.

ಅದಕ್ಕೇ ಹೊಸಬರಿಗೆ ನಾನು ಮೊದಲು ಕಲಿಸುವುದು ಕಾಗದ ಓದೋದು. ಶೇರ್ ಸರ್ಟಿಫಿಕೇಟ್‌ನಲ್ಲಿ ಯಾರ ಹೆಸರು? ಇಂಡೆಕ್ಸ್ ಟೂನಲ್ಲಿ ಯಾರ ಹೆಸರು? ಎರಡೂ ಒಂದೇನಾ? ಇಂಡೆಕ್ಸ್ ಟೂ ಅಂದರೆ ರಿಜಿಸ್ಟರ್ ಆದ ದಸ್ತಾವೇಜಿನ ಸಾರ. ಯಾರು ಯಾರಿಗೆ ಎಷ್ಟಕ್ಕೆ ಮಾರಿದರು ಅಂತ ಅದರಲ್ಲಿರುತ್ತದೆ. ರಾಜ್ಯದ ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಬಹುದು. ಪಕ್ಕದ ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವು ಅಂತ ತಿಳಿಯೋಕೂ ಇದೇ ದಾರಿ. ಜಾಹೀರಾತಿನ ಬೆಲೆ ನಂಬಬೇಡಿ. ಒರಿಜಿನಲ್ ಕಾಗದ ಬ್ಯಾಂಕಿನಲ್ಲಿದೆ ಅಂದರೆ ಸಾಲ ಬಾಕಿ ಇದೆ ಅಂತ ಅರ್ಥ. ಎಷ್ಟು ಬಾಕಿ ಅಂತ ಬ್ಯಾಂಕಿನ ಪತ್ರ ಕೇಳಿ. ಮೆಂಟೆನೆನ್ಸ್ ಬಾಕಿ ಇದೆಯಾ ಅಂತ ಸೊಸೈಟಿ ಸೆಕ್ರೆಟರಿಯನ್ನು ಕೇಳಿ.

ಗಿರಗಾಂವ್, ಲಾಲ್‌ಬಾಗ್ ಕಡೆ ತೀರಾ ಅಗ್ಗಕ್ಕೆ ಸಿಕ್ಕಿತು ಅಂದರೆ ಪಗಡಿ ಮನೆ ಆಗಿರಬಹುದು. ಅಲ್ಲಿ ವಾಸ ಇರುವವರು ಬಾಡಿಗೆದಾರರು, ಮಾಲೀಕರಲ್ಲ. ವರ್ಗಾಯಿಸಲು ಬಿಲ್ಡಿಂಗ್ ಮಾಲೀಕರ ಒಪ್ಪಿಗೆ ಬೇಕು, ಅವರಿಗೂ ಪಾಲು ಹೋಗುತ್ತದೆ.

ಹಾಗಾದರೆ ಬಂಡವಾಳ ಇಲ್ಲದವರು ಏನು ಮಾಡಬೇಕು? ಹೋಲ್‌ಸೇಲರ್‌ನ ಕೆಲಸದಲ್ಲಿ ಒಳ್ಳೆಯ ಭಾಗ ಒಂದಿದೆ, ಅದನ್ನು ಇಲ್ಲಿಗೂ ತರಬಹುದು. ಮಾರಲೇಬೇಕಾದವರನ್ನು ಹುಡುಕುವುದು, ಸರಿ ಬೆಲೆ ಕಟ್ಟುವುದು, ಕೊಳ್ಳುವವರನ್ನು ಮೊದಲೇ ಗೊತ್ತು ಮಾಡಿಕೊಂಡಿರುವುದು. ಇದನ್ನೇ ಬ್ರೋಕರ್ ಆಗಿ, ಎಲ್ಲರಿಗೂ ಹೇಳಿ ಮಾಡಿ. ರೀಸೇಲ್‌ನಲ್ಲಿ, ಅಂದರೆ ಹಳೆ ಮನೆ ಮಾರಾಟದಲ್ಲಿ, ಸಾಮಾನ್ಯವಾಗಿ ಒಂದರಿಂದ ಎರಡು ಪರ್ಸೆಂಟ್ ಬ್ರೋಕರೇಜ್ ನಡೆಯುತ್ತದೆ. 80 ಲಕ್ಷಕ್ಕೆ ಒಂದು ಪರ್ಸೆಂಟ್ ಅಂದರೂ 80 ಸಾವಿರ. ಸ್ಟ್ಯಾಂಪ್ ಡ್ಯೂಟಿ ನಿಮ್ಮ ತಲೆಗೆ ಬರುವುದಿಲ್ಲ, ಟೋಕನ್ ಮುಳುಗುವ ಭಯವೂ ಇಲ್ಲ.

ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅದರ ಮಹಾರಾಷ್ಟ್ರದ ಪ್ರಾಧಿಕಾರ ಮಹಾರೇರಾ. ರೇರಾ ನೋಂದಣಿ ಆದ ಪ್ರಾಜೆಕ್ಟಿನ ಮನೆ ಮಾರಿಸುವುದಾದರೆ ನೀವೂ ಏಜೆಂಟ್ ಆಗಿ ಮಹಾರೇರಾದಲ್ಲಿ ನೋಂದಣಿ ಮಾಡಿಸಲೇಬೇಕು. 2023ರಿಂದ ಅದಕ್ಕೆ ತರಬೇತಿ, ಪರೀಕ್ಷೆ ಎರಡೂ ಇವೆ. ನೋಂದಣಿ ಇಲ್ಲದೆ ಮಾಡಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ, ಅದು ಮನೆಯ ಬೆಲೆಯ 5 ಪರ್ಸೆಂಟ್‌ವರೆಗೂ ಹೋಗಬಹುದು. ಪರೀಕ್ಷೆಗೆ ಓದಿದ್ದು ಆಮೇಲೆ ನಿಮ್ಮ ಸ್ವಂತ ಮನೆ ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ.

[ದೃಶ್ಯ: ಲೋಕಲ್ ರೈಲಿನ ಕಿಟಕಿ, ಸಂಜೆ]

ನಮ್ಮ ಹುಡುಗ ಟೋಕನ್ ಕೊಡಲಿಲ್ಲ. ಎರಡು ಭಾನುವಾರ ಮುಲುಂಡಿನ ಅದೇ ಓಣಿಯಲ್ಲಿ ಓಡಾಡಿ, ಆರು ಬಿಲ್ಡಿಂಗುಗಳ ರೇಟು ಬರೆದುಕೊಂಡ. ಆಮೇಲೆ ಆ ಫ್ಲಾಟಿನ ಓನರ್ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಹತ್ತಿರ ಹೋಗಿ, ಬರುವಷ್ಟು ಮರಾಠಿಯಲ್ಲಿ ನೇರವಾಗಿ ಹೇಳಿದನಂತೆ. "ಕಾಕೂ, ನಾನು ಕೊಳ್ಳುವವನಲ್ಲ. ಕೊಳ್ಳುವವರನ್ನು ಕರೆತರುತ್ತೇನೆ. ಅವರು ಕೊಡುವ ಬೆಲೆ ನಿಮಗೂ ಗೊತ್ತಿರುತ್ತದೆ. ವ್ಯವಹಾರ ಆದರೆ ನನಗೆ ಒಂದು ಪರ್ಸೆಂಟ್ ಕೊಡಿ." ಕಾಕೂ ಚಹಾ ಕೊಟ್ಟು, ಒಳಗಿಂದ ಶೇರ್ ಸರ್ಟಿಫಿಕೇಟ್ ತಂದು ತೋರಿಸಿದರು.